ಆಷಾಢದಲ್ಲಿ ಸೈಟು ನೋಡಿ

ನಮ್ಮ ಕಡೆ ಮನೆ, ಸೈಟುಗಳ ವ್ಯಾಪಾರಕ್ಕೆ ಒಂದು ಕಾಲವಿದೆ. ಯುಗಾದಿ ಕಳೆದು ಬಸವ ಜಯಂತಿ ಬರುವ ಹೊತ್ತಿಗೆ ಮಾತುಕತೆ ಕುದುರುತ್ತದೆ, ಅಡ್ವಾನ್ಸ್ ಕೈ ಬದಲಾಗುತ್ತದೆ, ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದೆ ಜನ ಸೇರುತ್ತಾರೆ. ಆಷಾಢ ಬಂತೆಂದರೆ ಎಲ್ಲ ತಣ್ಣಗಾಗುತ್ತದೆ. ಹೀಗಾಗಿ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಬಹಳಷ್ಟು ಮಂದಿ ತಾವು ಕೊಳ್ಳುವ ಜಾಗವನ್ನು ನೋಡುವುದೇ ಚೈತ್ರ, ವೈಶಾಖದ ಬಿಸಿಲಿನಲ್ಲಿ. ಆ ಬಿಸಿಲಿನಲ್ಲಿ ಎಲ್ಲ ಸೈಟೂ ಚೆಂದವೇ. ನೆಲ ಗಟ್ಟಿಯಾಗಿರುತ್ತದೆ, ಚರಂಡಿ ಒಣಗಿರುತ್ತದೆ, ಹಳ್ಳವಿದ್ದ ಕಡೆ ಒಂದಷ್ಟು ಜಾಲಿಗಿಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆಷಾಢದಲ್ಲಿ ಕೊಳ್ಳಬಾರದು ಎನ್ನುವವರು ಕೊಳ್ಳುವುದು ಬೇಡ. ನೋಡಬಾರದು ಎಂದು ಯಾವ ಪಂಚಾಂಗವೂ ಹೇಳಿಲ್ಲವಲ್ಲ?

ಯಾವ ಬಡಾವಣೆಯಲ್ಲಿ ಮನೆ ಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ ಮಾತು ಸಾಮಾನ್ಯವಾಗಿ ಬಾಗಿಲಿನ ದಿಕ್ಕು, ಕಾರ್ನರ್ ಸೈಟು, ಬಸ್‌ಸ್ಟ್ಯಾಂಡಿನ ದೂರ ಇವುಗಳಲ್ಲೇ ಮುಗಿಯುತ್ತದೆ. ಬಾಗಿಲನ್ನು ಬೇಕಾದರೆ ಒಡೆಸಿ ಬೇರೆ ಕಡೆ ಇಡಿಸಬಹುದು. ಓಣಿಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಕೊಂಡವರು ಬದಲಾಯಿಸಲಾರರು. ಈ ನಾಲ್ಕು ಊರುಗಳ ಮಟ್ಟಿಗೆ ಮೊದಲು ನೋಡಬೇಕಾದ್ದು ಅದನ್ನೇ, ಅದೂ ಆಯಾ ಊರಿಗೆ ಕಷ್ಟದ ಕಾಲದಲ್ಲಿ.

ಹೊನ್ನಾಳಿಯ ಕಷ್ಟಕಾಲ ಮಳೆಗಾಲ. ತುಂಗೆ, ಭದ್ರೆ ಕೂಡ್ಲಿಯಲ್ಲಿ ಕೂಡಿ ತುಂಗಭದ್ರೆಯಾದ ಮೇಲೆ ದಡದಲ್ಲಿ ಸಿಗುವ ಮೊದಲ ತಾಲ್ಲೂಕು ಕೇಂದ್ರ ಇದು. ಈ ಎರಡು ಹೊಳೆಗಳ ಅಣೆಕಟ್ಟುಗಳಿಗೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಭದ್ರಾ ಜಲಾಶಯ ಸುಮಾರು 71.5 ಟಿಎಂಸಿ ನೀರು ಹಿಡಿಯುತ್ತದೆ. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ ಅಷ್ಟೇ. ಶೃಂಗೇರಿ ಕಡೆ ನಾಲ್ಕು ದಿನ ಮಳೆ ಹಿಡಿಯಿತೆಂದರೆ ಗಾಜನೂರಿನಲ್ಲಿ ತಡೆದಿಡಲು ಜಾಗವೇ ಇರುವುದಿಲ್ಲ, ಬಂದಷ್ಟನ್ನೂ ಕೆಳಕ್ಕೆ ಬಿಡಬೇಕಾಗುತ್ತದೆ. ಭದ್ರೆ ಇನ್ನೂ ತುಂಬುತ್ತಿರುವ ತನಕ ಹೊನ್ನಾಳಿಗೆ ಹೆಚ್ಚಾಗಿ ತುಂಗೆಯ ಪಾಲೇ ಬರುತ್ತದೆ. ಭದ್ರೆಯೂ ತುಂಬಿ ಗೇಟು ಎತ್ತಿದ ದಿನ ಎರಡೂ ಒಟ್ಟಿಗೆ ಬರುತ್ತವೆ. ಪಟ್ಟಣದ ಬಾಲರಾಜ್ ಘಾಟ್ ಪ್ರದೇಶ ಜಲಾವೃತವಾದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿರುವುದು ಇಂಥ ದಿನಗಳಲ್ಲೇ.

ಹೊಳೆಯ ಕಡೆ ಸೈಟು ನೋಡುವಾಗ “ಇಲ್ಲಿಗೆ ನೀರು ಬರುತ್ತದಾ?” ಎಂದು ಕೇಳಬೇಡಿ. ಮಾರುವವರ ಉತ್ತರ ನಿಮಗೂ ಗೊತ್ತು. “2019ರ ಆಗಸ್ಟ್‌ನಲ್ಲಿ ಎಲ್ಲಿಯವರೆಗೆ ಬಂದಿತ್ತು, ತೋರಿಸಿ” ಎಂದು ಕೇಳಿ. ಮಾರುವವರನ್ನಲ್ಲ, ಪಕ್ಕದ ಓಣಿಯ ಹಾಲಿನವರನ್ನು, ಕಿರಾಣಿ ಅಂಗಡಿಯ ಅಜ್ಜಿಯನ್ನು ಕೇಳಿ. ಆ ವರ್ಷದ ನೆರೆ ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಹಳೆಯ ಗೋಡೆಗಳಲ್ಲಿ ನೀರು ನಿಂತ ಗೆರೆಯೂ ಕೆಲವು ಕಡೆ ಕಂಡೀತು.

ಇನ್ನೊಂದು ಸಂಗತಿ ಬಹಳ ಜನರಿಗೆ ಹೊಳೆಯುವುದಿಲ್ಲ. ಹೊಳೆ ಮನೆಯೊಳಗೆ ಬರಲು ದಡ ಹತ್ತಿಯೇ ಬರಬೇಕೆಂದಿಲ್ಲ, ಚರಂಡಿ ಹಿಡಿದೂ ಬರುತ್ತದೆ. ಊರಿನ ಚರಂಡಿಗಳೆಲ್ಲ ಕೊನೆಗೆ ಇಳಿಯುವುದು ಹೊಳೆಗೇ. ಹೊಳೆಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿದಾಗ ಊರಿನ ಮಳೆನೀರು ಹೊರಗೆ ಹೋಗದೆ ಹಿಂದಕ್ಕೆ ಒತ್ತುತ್ತದೆ. ದಡದಿಂದ ಸಾಕಷ್ಟು ದೂರವಿದ್ದೇವೆ ಎಂದು ನಂಬಿಕೊಂಡ ತಗ್ಗಿನ ಓಣಿಯಲ್ಲೂ ಆಗ ನೀರು ನಿಲ್ಲುತ್ತದೆ. ಆದ್ದರಿಂದ ಹೊಳೆಯ ದೂರವನ್ನಲ್ಲ, ಎತ್ತರವನ್ನು ಅಳೆಯಿರಿ. “ಸೈಟಿಗೆ ಮಣ್ಣು ಹೊಡೆಸಿ ಎತ್ತರ ಮಾಡಿದ್ದೇವೆ” ಎಂದರೆ ಸಮಾಧಾನ ಪಡುವುದು ಬೇಡ. ನಿಮ್ಮ ಸೈಟು ಎತ್ತರವಾದರೂ ರಸ್ತೆ ತಗ್ಗಿನಲ್ಲೇ ಉಳಿಯುತ್ತದೆ, ನೀರು ಪಕ್ಕದ ಮನೆಗೆ ನುಗ್ಗುತ್ತದೆ. ನಾಳೆ ಅವರೂ ಮಣ್ಣು ಹೊಡೆಸುತ್ತಾರೆ. ಹಳೇ ಊರು ಎಲ್ಲಿ ಕೂತಿದೆ ಎಂದು ಒಮ್ಮೆ ನಡೆದು ನೋಡಿ. ಹಿಂದಿನವರಿಗೆ ಹೊಳೆಯ ಸ್ವಭಾವ ನಮಗಿಂತ ಚೆನ್ನಾಗಿ ಗೊತ್ತಿತ್ತು. ಹಾಗೆಂದು ಹಳೇ ಊರಿನ ಮನೆ ಸಲೀಸಾಗಿ ಸಿಗುವುದೂ ಇಲ್ಲ. ಅಲ್ಲಿ ಓಣಿ ಕಿರಿದು, ಒಂದೇ ಮನೆಗೆ ಮೂರು ತಲೆಮಾರಿನ ಪಾಲುದಾರರು. ಸಹಿ ಹಾಕಬೇಕಾದ ಒಬ್ಬ ಅಕ್ಕ ಮುಂಬೈಯಲ್ಲೋ ಮತ್ತೆಲ್ಲೋ ಇರುತ್ತಾರೆ.

ನೀರಿನ ದಾರಿ ತಿಳಿಯಲು ಸರ್ಕಾರವೇ ಕೊಟ್ಟ ಒಂದು ಒಳ್ಳೆಯ ಸಾಧನವಿದೆ. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಸೈಟಿನಲ್ಲಿ ನಿಂತರೆ ನೀವಿರುವ ಸರ್ವೆ ನಂಬರು, ಅಕ್ಕಪಕ್ಕದ ಕೆರೆ, ಹಳ್ಳಗಳು ನಕಾಶೆಯ ಮೇಲೆ ಕಾಣುತ್ತವೆ. ಜೊತೆಗೆ ಪಹಣಿಯಲ್ಲಿ ಖರಾಬಿನ ಕಾಲಂ ನೋಡಿ. ಬಿ ಖರಾಬು ಎಂದರೆ ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ. ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ. ಹಾಗಿದ್ದೂ ಎರಡು ಗುಂಟೆ ಬಿ ಖರಾಬು ನುಂಗಿ ಬೆಳೆದ ಬಡಾವಣೆಗಳಿಗೆ ಯಾವ ಊರಲ್ಲೂ ಕೊರತೆಯಿಲ್ಲ.

ಚನ್ನಗಿರಿಯಲ್ಲಿ ಹೊಳೆಯ ಭಯವಿಲ್ಲ. ಅಲ್ಲಿ ಜಾಗದ ಬೆಲೆಯನ್ನು ಕುಣಿಸುವುದು ಅಡಿಕೆ. ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಇರುವ ಊರು ಅದು. ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ದಾಟಿದ ವರ್ಷಗಳಲ್ಲಿ ಕೊಯ್ಲಿನ ದುಡ್ಡು ಸೀದಾ ಸೈಟಿಗೆ ಹರಿಯುತ್ತದೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಹೀಗೆ ಕೊಂಡವರಲ್ಲಿ ಅನೇಕರು ಅಲ್ಲಿ ವಾಸಕ್ಕೆ ಬರುವವರಲ್ಲ. ಮಗಳ ಮದುವೆಗೋ, ಮಗನ ಓದಿಗೋ ಇರಲಿ ಎಂದು ಹಾಕಿಟ್ಟವರು. ಹತ್ತು ವರ್ಷವಾದರೂ ಬಡಾವಣೆಯಲ್ಲಿ ನಾಲ್ಕೈದು ಮನೆ, ಉಳಿದದ್ದೆಲ್ಲ ಪಾರ್ಥೇನಿಯಂ. ಜನವಿಲ್ಲದ ಕಡೆ ಬೀದಿದೀಪ ಕೆಟ್ಟರೆ ಕೇಳುವವರಿಲ್ಲ, ಕಸದ ಗಾಡಿ ಬರುವುದಿಲ್ಲ, ಕುಡಿಯುವ ನೀರಿನ ಪೈಪು ಮುಂದಿನ ಅನುದಾನಕ್ಕೆ ಕಾಯುತ್ತದೆ. ದಲ್ಲಾಳಿ “ಎಲ್ಲ ಸೈಟೂ ಸೋಲ್ಡ್ ಔಟ್ ಸಾರ್” ಎಂದರೆ ಅದು ಎಚ್ಚರಿಕೆಯ ಗಂಟೆಯೂ ಆಗಿರಬಹುದು. ರಾತ್ರಿ ಎಂಟು ಗಂಟೆಗೆ ಹೋಗಿ ದೀಪ ಉರಿಯುವ ಕಿಟಕಿಗಳನ್ನು ಎಣಿಸಿ. ಮನೆಯಲ್ಲಿ ಹೆಣ್ಣುಮಕ್ಕಳು ಟ್ಯೂಷನ್ ಮುಗಿಸಿ ನಡೆದು ಬರಬೇಕಾದ ದಾರಿ ಅದೇ.

ಇನ್ನು ಆ ತಾಲ್ಲೂಕಿನಲ್ಲೇ ಸೂಳೆಕೆರೆ ಎನ್ನುವ ಶಾಂತಿಸಾಗರ ಇದೆಯಲ್ಲ, ನೀರಿಗೇನು ಕೊರತೆ ಎನ್ನಬಹುದು. ಅಲ್ಲಿಂದ ಚಿತ್ರದುರ್ಗಕ್ಕೂ ಕುಡಿಯುವ ನೀರು ಹೋಗುತ್ತದೆ. ದೊಡ್ಡ ಕೆರೆ ಹತ್ತಿರವಿರುವುದೂ ನಿಮ್ಮ ನಲ್ಲಿಯಲ್ಲಿ ನೀರು ಬರುವುದೂ ಬೇರೆ ಬೇರೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅದರ ಮುಂದಿನ ಬೇಸಿಗೆಯಲ್ಲಿ ಭದ್ರಾ ಅಚ್ಚುಕಟ್ಟಿನಲ್ಲೂ ತೋಟ ಉಳಿಸಿಕೊಳ್ಳಲು ಜನ ಟ್ಯಾಂಕರ್ ಹಿಂದೆ ಓಡಿದರು.

ಜಗಳೂರಿಗೆ ಬಂದರೆ ಈ ಬರಹದ ಶೀರ್ಷಿಕೆಯನ್ನೇ ತಿರುವಬೇಕಾಗುತ್ತದೆ. ಅಲ್ಲಿಗೆ ಆಷಾಢದಲ್ಲಲ್ಲ, ಏಪ್ರಿಲ್ ಕೊನೆಯಲ್ಲಿ ಹೋಗಿ. ಮಳೆ ಕಡಿಮೆಯ ತಾಲ್ಲೂಕು, ಬರದ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಹೆಸರು. ಹಾಗಾಗಿ ಅಲ್ಲಿ ಮೊದಲ ಪ್ರಶ್ನೆ: ಈ ಓಣಿಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ? ಒಂದೇ ಊರಿನಲ್ಲಿ ಟ್ಯಾಂಕಿಗೆ ಹತ್ತಿರದ ತಗ್ಗಿನ ಓಣಿಗೂ ಪೈಪಿನ ಕೊನೆಯ ಏರು ಓಣಿಗೂ ಇದರಲ್ಲಿ ಅಜಗಜಾಂತರವಿರುತ್ತದೆ. ಹೊನ್ನಾಳಿಯಲ್ಲಿ ಎತ್ತರದ ಜಾಗಕ್ಕೆ ಬೆಲೆ ಕೊಟ್ಟವರು ಇಲ್ಲಿ ಅದೇ ಎತ್ತರಕ್ಕೆ ಹೆದರಬೇಕು. ಉತ್ತರ ಸರಿಯಾಗಿ ಗೊತ್ತಿರುವುದು ನೀರು ಬಿಡುವ ವಾಲ್ವ್‌ಮನ್‌ಗೆ. ಅವರಿಗೊಂದು ಚಹಾ ಕುಡಿಸಿ ಕೂತು ಮಾತಾಡಿ, ವಾಸ್ತು ಹೇಳುವವರಿಗೆ ಕೊಡುವ ದಕ್ಷಿಣೆಗಿಂತ ಅದು ಲಾಭದ್ದು.

ಬೋರ್‌ವೆಲ್ ಇದೆ ಎಂದರೆ ನೀರನ್ನು ಪರೀಕ್ಷೆಗೆ ಕೊಡಿ. ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಅದು ಮೀರಿದ ನೀರನ್ನು ಕುಡಿಯುತ್ತ ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಕಾಣುತ್ತದೆ, ವರ್ಷಗಳು ಕಳೆದಂತೆ ಮೂಳೆಗೂ ತಾಗುತ್ತದೆ. ಹಾಗಾಗಿ ಶುದ್ಧ ನೀರಿನ ಘಟಕ ನಡೆದು ಕ್ಯಾನು ತರುವಷ್ಟು ಹತ್ತಿರದಲ್ಲಿದೆಯೇ ಎಂಬುದನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆ ಎರಡೂ ಈ ತಾಲ್ಲೂಕಿನ ದೊಡ್ಡ ಆಸೆಗಳು. ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದಾಗ ಎಷ್ಟು ಸಂಭ್ರಮವಿತ್ತೋ, ಆಮೇಲೆ ಆ ಹಣ ಎಲ್ಲಿ ಎಂಬ ಜಗಳವೂ ಅಷ್ಟೇ ಜೋರಾಗಿ ನಡೆಯಿತು. ಕಾಲುವೆ ಬರಲಿ ಎಂದು ಹಾರೈಸೋಣ. ಬರಲಿರುವ ಕಾಲುವೆಗೆ ಇಂದೇ ಬೆಲೆ ತೆರುವುದು ಬೇಡ.

ನ್ಯಾಮತಿಯ ಕಷ್ಟಕ್ಕೆ ಮಳೆ, ಬೇಸಿಗೆ ಎಂಬ ಭೇದವಿಲ್ಲ, ಅದು ಕಾಗದದ್ದು. ಹೊನ್ನಾಳಿಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ಊರು ಅದು. ಗ್ರಾಮ ಪಂಚಾಯಿತಿಯ ಕಾಲದಲ್ಲಿ ಎದ್ದ ಮನೆಗಳು ಈಗ ಪಟ್ಟಣದ ಲೆಕ್ಕಕ್ಕೆ ಬಂದಿವೆ. ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದಲ್ಲಾದರೆ ಇ-ಆಸ್ತಿಯ ಇ-ಖಾತಾ. ಮನೆ ಅದೇ ಆದರೂ ದಾಖಲೆಯ ಸರಪಳಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ದಾಟುವಾಗ ಕೊಂಡಿ ಕಳಚಿರುವ ಸಾಧ್ಯತೆ ಇದೆ. ಹೊಸ ತಾಲ್ಲೂಕೆಂದರೆ “ಕೋರ್ಟ್ ಇಲ್ಲೇ ಬರುತ್ತೆ, ಬಸ್‌ಸ್ಟ್ಯಾಂಡ್ ಆ ಕಡೆ ಹೋಗುತ್ತೆ” ಎಂಬ ಮಾತಿಗೇ ರೇಟು ಏರುತ್ತದೆ. ಕಟ್ಟಡದ ಪಾಯ ಕಾಣುವವರೆಗೆ ಅದು ಬರೀ ಮಾತು.

ಕಾಗದದ ವಿಷಯದಲ್ಲಿ ಈ ನಾಲ್ಕೂ ಊರುಗಳಿಗೆ ಸಲ್ಲುವ ಒಂದು ಪತ್ತೇದಾರಿಕೆ ಹೇಳುತ್ತೇನೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. 1994ರದ್ದೆಂದು ತೋರಿಸುವ ಭೂ ಪರಿವರ್ತನೆ ಆದೇಶದಲ್ಲಿ ದಾವಣಗೆರೆ ಜಿಲ್ಲಾಧಿಕಾರಿಯ ಮೊಹರಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಹೊಲವನ್ನು ಮನೆ ಜಾಗ ಮಾಡಲು ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಈ ಆದೇಶ ಬೇಕು, ಜನ ಇದನ್ನೇ ಎನ್‌ಎ, ಅಲಿನೇಷನ್ ಎನ್ನುವುದು. ಅದೊಂದೇ ಸಾಲದು, ಬಡಾವಣೆಯ ನಕ್ಷೆಗೂ ಅನುಮೋದನೆ ಬೇಕು. ರಸ್ತೆ, ಪಾರ್ಕಿನ ಜಾಗ ಸ್ಥಳೀಯ ಸಂಸ್ಥೆಯ ಹೆಸರಿಗೆ ಬಂದಿದೆಯೇ ಎಂದು ಕೇಳಿ. ಬಂದಿಲ್ಲದಿದ್ದರೆ ನಿಮ್ಮ ಮನೆ ಮುಂದಿನ ರಸ್ತೆ ಇನ್ನೂ ಯಾರದೋ ಹೊಲ.

ಮಂಜೂರಾತಿ ಜಮೀನಿನ ಬಗ್ಗೆಯೂ ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯ ಊರ್ಜಿತವಲ್ಲ. ತಡವಾಯಿತೆಂಬ ನೆಪ ನಡೆಯದಂತೆ 2023ರಲ್ಲಿ ತಿದ್ದುಪಡಿಯೂ ಬಂದಿದೆ. ಮೂಲ ಕುಟುಂಬದವರು ಕೇಳಿಕೊಂಡು ಬಂದರೆ ಅದು ಅವರ ಹಕ್ಕು.

ಅನಧಿಕೃತ ಬಡಾವಣೆಗಳ ಆಸ್ತಿಗೂ ಬಿ ಖಾತಾ ಕೊಡಲು ಸರ್ಕಾರ 2025ರಲ್ಲಿ ಮುಂದಾಯಿತು. “ಖಾತಾ ಇದೆ” ಎಂದವರನ್ನು ಎ ಯಾ ಬಿ ಯಾ ಎಂದು ಕೇಳಿ. ಬಿ ಖಾತಾ ಇದ್ದರೆ ತೆರಿಗೆ ಕಟ್ಟಬಹುದು, ಆದರೆ ಬಡಾವಣೆ ಅದರಿಂದ ಸಕ್ರಮವಾಗುವುದಿಲ್ಲ. ನಿಮಗೆ ಸಾಲ ಬೇಡದಿದ್ದರೂ ಕಾಗದಗಳನ್ನು ಒಮ್ಮೆ ಬ್ಯಾಂಕಿಗೆ ತೋರಿಸಿ. ತನ್ನ ದುಡ್ಡು ಹಾಕಲು ಬ್ಯಾಂಕು ಹಿಂಜರಿಯುವ ಕಡೆ ನೀವೇಕೆ ಧೈರ್ಯ ಮಾಡಬೇಕು?

ಬಡಾವಣೆ ನೋಡಲು ಹೋದವರೆಲ್ಲ ತಗ್ಗಿದ ದನಿಯಲ್ಲಿ ಕೇಳುವ ಒಂದು ಪ್ರಶ್ನೆಯಿದೆ: “ಅಲ್ಲಿ ಯಾರ‍್ಯಾರಿದ್ದಾರೆ?” ಕೇಳಿದ್ದು ಜಾತಿ ಎಂದು ದಲ್ಲಾಳಿಗೂ ಗೊತ್ತು. ನಮ್ಮವರೇ ಇರುವ ಕೇರಿ ಎಂದು ಹೆಚ್ಚು ಬೆಲೆ ಕೊಟ್ಟವರನ್ನೂ, ನಮ್ಮವರಲ್ಲ ಎಂದು ದುಡ್ಡಿದ್ದವರಿಗೂ ಸೈಟು ಕೊಡದವರನ್ನೂ ಈ ಊರುಗಳು ಕಂಡಿವೆ. ಮಧ್ಯರಾತ್ರಿ ಎದೆನೋವು ಬಂದಾಗ ಕಾರು ತೆಗೆಯುವ ನೆರೆಯವರು ಯಾವ ಜಾತಿಯವರಾದರೇನು? ಈ ಒಂದು ಪ್ರಶ್ನೆಯನ್ನು ಬಿಟ್ಟರೆ ನೋಡಬಹುದಾದ ಮನೆಗಳ ಸಂಖ್ಯೆಯೇ ಹೆಚ್ಚುತ್ತದೆ.

ಕೊನೆಗೆ ದುಡ್ಡಿನ ಮಾತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿದರೆ ಪಟ್ಟಣದಲ್ಲಿ ಸುಮಾರು ಶೇ 7.6. ಮೂವತ್ತು ಲಕ್ಷದ ಮನೆಗೆ 2 ಲಕ್ಷ 28 ಸಾವಿರ. ಓಣಿ ಸರಿಹೋಗಲಿಲ್ಲವೆಂದು ಮಾರಿ ಬೇರೆ ಕಡೆ ಕೊಂಡರೆ ಆ ಖರ್ಚು ವಾಪಸು ಬರುವುದಿಲ್ಲ, ಹೊಸ ಮನೆಗೆ ಮತ್ತೆ ಅಷ್ಟೇ ಕಟ್ಟಬೇಕು. ಅದರ ಬದಲು ಮನಸ್ಸಿಗೆ ಬಂದ ಓಣಿಯಲ್ಲೇ ಒಂದು ವರ್ಷ ಬಾಡಿಗೆಗಿದ್ದು ನೋಡಬಹುದು. ತಿಂಗಳಿಗೆ ಆರು ಸಾವಿರ ಎಂದಿಟ್ಟುಕೊಂಡರೂ ವರ್ಷಕ್ಕೆ 72 ಸಾವಿರ, ನೋಂದಣಿ ಖರ್ಚಿನ ಮೂರನೇ ಒಂದು ಪಾಲಿಗಿಂತ ಕಡಿಮೆ.