ಹಳೇ ಹುಲಿ ‘ಫೈವ್ ಡಿ’, ಹೊಸ ಪೈಲ್ವಾನ್ ‘ಎಫ್‌ಎಕ್ಸ್ ತ್ರೀ’: ಅಖಾಡದಲ್ಲಿ ಗೆಲ್ಲೋರು ಯಾರು?

ಗಾಂಧಿನಗರದ ಹೋಟೆಲುಗಳಲ್ಲಿ ಬೈ ಟು ಕಾಫಿ ಹಂಚಿಕೊಂಡು ಕೂತ ಹುಡುಗರ ಬಾಯಲ್ಲಿ ಒಂದು ಕಾಲಕ್ಕೆ ಬರೀ ಹೀರೋಗಳ ಜಗಳ. ನಿಮ್ಮ ಹೀರೋ ದೊಡ್ಡೋನೋ, ನಮ್ಮ ಹೀರೋ ದೊಡ್ಡೋನೋ! ಈಗ ಆ ಜಗಳದ ಪಕ್ಕದಲ್ಲೇ ಇನ್ನೊಂದು ಶುರುವಾಗಿದೆ. ನಿನ್ನ ಕ್ಯಾಮೆರಾ ಯಾವುದು, ನನ್ನ ಕ್ಯಾಮೆರಾ ಯಾವುದು? ಕೈಯಲ್ಲಿ ಕಥೆ ಇರುತ್ತೋ ಇಲ್ಲವೋ, ಕ್ಯಾಮೆರಾ ನಂಬರುಗಳಂತೂ ಬಾಯಿಪಾಠ!

ಇರಲಿ ಬಿಡಿ. ಜಗಳ ಆಡೋದೇ ಆದರೆ ಸರಿಯಾಗಿ ಆಡೋಣ. ಈ ವಾರ ಇಬ್ಬರನ್ನು ಅಖಾಡಕ್ಕೆ ಇಳಿಸಿದ್ದೇನೆ. ಒಂದು ಕಡೆ 2008ರ ಕ್ಯಾನನ್ ಫೈವ್ ಡಿ ಮಾರ್ಕ್ ಟು. ಇನ್ನೊಂದು ಕಡೆ 2021ರ ಸೋನಿ ಎಫ್‌ಎಕ್ಸ್ ತ್ರೀ. ಎರಡನ್ನೂ ಒಂದು ಹಗಲು, ಒಂದು ರಾತ್ರಿ ಕೈಯಲ್ಲಿ ಹಿಡಿದು ನೋಡಿದೆ. ಯಾರ ಸಲುವಾಗಿ ನೋಡಿದೆ ಅನ್ನೋದು ಮುಂದೆ ಬರುತ್ತೆ. ಮೊದಲು ಹಳೇ ಹುಲಿಯ ಜಾತಕ.

ಫೋಟೋ ಹೊಡೆಯಲು ಬಂದವನು…

ಫೈವ್ ಡಿ ಮಾರ್ಕ್ ಟು ಹುಟ್ಟಿದ್ದು ಸಿನಿಮಾಕ್ಕಲ್ಲ ಸ್ವಾಮಿ! ಅದು ಅಪ್ಪಟ ಸ್ಟಿಲ್ ಕ್ಯಾಮೆರಾ. ಪತ್ರಿಕೆಯ ಫೋಟೋಗ್ರಾಫರುಗಳಿಗೆ ಅನುಕೂಲವಾಗಲಿ ಅಂತ ಕ್ಯಾನನ್ ಕಂಪನಿ ಅದರಲ್ಲಿ ವಿಡಿಯೋ ತೆಗೆಯುವ ಸೌಕರ್ಯವನ್ನೂ ಸೇರಿಸಿತು. ಊಟದ ಎಲೆಯ ಮೂಲೆಗೆ ಉಪ್ಪಿನಕಾಯಿ ಬಡಿಸಿದ ಹಾಗೆ. ಜನ ಊಟ ಬಿಟ್ಟು ಉಪ್ಪಿನಕಾಯಿಗೇ ಮುಗಿಬಿದ್ದರು!

ಕಾರಣ ಅದರ ಸೆನ್ಸರ್. (ಸೆನ್ಸಾರ್ ಅಲ್ಲ, ಗಾಬರಿಯಾಗಬೇಡಿ. ಇಲ್ಲಿ ಕತ್ತರಿ ಇಲ್ಲ!) ಫಿಲಂ ಇದ್ದ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಚಿಪ್ಪು ಅದು. ಅಲ್ಲಿಯವರೆಗೆ ಮದುವೆ ಮನೆಗೆ ಬರುತ್ತಿದ್ದ ವಿಡಿಯೋ ಕ್ಯಾಮೆರಾಗಳಲ್ಲಿ ಈ ಚಿಪ್ಪು ಉಗುರಿನಷ್ಟು. ಫೈವ್ ಡಿಯಲ್ಲಿ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ನಮ್ಮ 35 ಎಂಎಂ ಸಿನಿಮಾ ರೀಲಿನ ಒಂದು ಚೌಕಟ್ಟಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು! ಚಿಪ್ಪು ದೊಡ್ಡದಾದರೆ ನಾಯಕಿಯ ಕಣ್ಣು ಮಾತ್ರ ಸ್ಪಷ್ಟ, ಹಿಂದಿನ ದೀಪಗಳೆಲ್ಲ ಮಬ್ಬು ಮಬ್ಬು ಚಂದಿರರು. ಇದನ್ನೇ ಅಲ್ಲವೇ ನಾವು ‘ಸಿನಿಮಾ ಥರ ಕಾಣುತ್ತೆ’ ಅಂತ ಬಾಯಿ ಬಿಟ್ಟು ನೋಡೋದು?

ನ್ಯೂಯಾರ್ಕಿನ ಪತ್ರಿಕಾ ಛಾಯಾಗ್ರಾಹಕ ವಿನ್ಸೆಂಟ್ ಲಾಫೊರೇ 2008ರಲ್ಲೇ ಈ ಕ್ಯಾಮೆರಾ ಹಿಡಿದು, ಆ ಊರಿನ ರಾತ್ರಿ ದೀಪಗಳಲ್ಲಿ ‘ರೆವರಿ’ ಅನ್ನೋ ಕಿರುಚಿತ್ರ ತೆಗೆದು ತೋರಿಸಿದ. ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ಅಮೆರಿಕದ ಜನಪ್ರಿಯ ಟಿವಿ ಧಾರಾವಾಹಿ ‘ಹೌಸ್’ನ ಆರನೇ ಸರಣಿಯ ಕೊನೆಯ ಕಂತು, 2010ರಲ್ಲಿ, ಇದೇ ಕ್ಯಾಮೆರಾದಲ್ಲಿ ತಯಾರಾಯಿತು. ಕುಸಿದ ಕಟ್ಟಡದ ಅಡಿಯಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ. ಆ ಇಕ್ಕಟ್ಟಿನಲ್ಲಿ ದೊಡ್ಡ ಕ್ಯಾಮೆರಾ ನುಗ್ಗಿಸಲು ಸಾಧ್ಯವೇ? 2012ರಲ್ಲಿ ‘ಆಕ್ಟ್ ಆಫ್ ವ್ಯಾಲರ್’ ಅನ್ನುವ ಹಾಲಿವುಡ್ ಯುದ್ಧದ ಚಿತ್ರದ ಬಹುಪಾಲು ಇದರಲ್ಲೇ ಆಯಿತು.

ನಮ್ಮ ಪಕ್ಕದ ಮನೆ ಸುದ್ದಿ ಬೇಕಾ? ರಾಮ್ ಗೋಪಾಲ್ ವರ್ಮಾ ಸುಮ್ಮನೆ ಕೂರುವ ಆಸಾಮಿಯೇ? 2011ರಲ್ಲಿ ರವಿತೇಜಾನಂಥ ಸ್ಟಾರ್ ಹೀರೋನನ್ನು ಹಾಕಿಕೊಂಡು ‘ದೊಂಗಲ ಮುಠಾ’ ಅನ್ನೋ ತೆಲುಗು ಚಿತ್ರವನ್ನು ಕ್ಯಾನನ್ ಫೈವ್ ಡಿ ಕ್ಯಾಮೆರಾಗಳಲ್ಲಿ ಐದೇ ದಿನಕ್ಕೆ ಮುಗಿಸಿಬಿಟ್ಟರು. ತಂಡದಲ್ಲಿ ಇದ್ದವರು ಏಳು ಜನ! ನಮ್ಮ ಕಡೆ ಮುಹೂರ್ತದ ದಿನ ಹಾರ ಹಿಡಿಯೋಕೇ ಅದಕ್ಕಿಂತ ಹೆಚ್ಚು ಜನ ಇರ್ತಾರೆ.

ಹುಲಿಗೂ ಹುಣ್ಣು ಇದೆ

ಹೊಗಳಿದ್ದು ಸಾಕು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ಈ ಮಹಾರಾಯ ಹುಟ್ಟಿದಾಗ ಓಡುತ್ತಿದ್ದದ್ದು 30ರಲ್ಲಿ! ಜಗತ್ತಿನ ಹುಡುಗರೆಲ್ಲ ಬೊಬ್ಬೆ ಹಾಕಿದ ಮೇಲೆ, 2010ರ ಮಾರ್ಚಿನಲ್ಲಿ ಕಂಪನಿ ಹೊಸ ಸಾಫ್ಟ್‌ವೇರ್ ಕೊಟ್ಟು 24 ಮತ್ತು 25ನ್ನು ದಯಪಾಲಿಸಿತು. ಒಂದು ಶಾಟು ಸುಮಾರು 12 ನಿಮಿಷ ದಾಟುವ ಹಾಗಿಲ್ಲ, ಕಡತ ನಾಲ್ಕು ಗಿಗಾಬೈಟ್ ಮುಟ್ಟಿದ ಕೂಡಲೇ ಗಕ್ಕನೆ ನಿಲ್ಲುತ್ತೆ. ಇದು ಮಾತ್ರ ನನಗೆ ದೋಷ ಅನ್ನಿಸಲಿಲ್ಲ. ಹಳೇ ಕಾಲದ ಸಾವಿರ ಅಡಿ ರೀಲೂ ಓಡುತ್ತಿದ್ದದ್ದು 11 ನಿಮಿಷ ತಾನೇ?

ನಿಜವಾದ ದೋಷ ಬೇರೆ. ಇದು 21 ಮೆಗಾಪಿಕ್ಸೆಲ್ ಕ್ಯಾಮೆರಾ. ಚಿಪ್ಪಿನಲ್ಲಿ ಮೇಲಿಂದ ಕೆಳಗೆ 3744 ಸಾಲು. ವಿಡಿಯೋಗೆ ಬೇಕಾದದ್ದು 1080. ಅಷ್ಟನ್ನೂ ಓದುವ ಶಕ್ತಿ ಆಗ ಇರಲಿಲ್ಲ, ಹಾಗಾಗಿ ನಡುನಡುವೆ ಸಾಲು ಹಾರಿಸಿ ಓದುತ್ತೆ, ಪರೀಕ್ಷೆ ಹಿಂದಿನ ರಾತ್ರಿ ನಾವು ಓದುತ್ತಿದ್ದ ಹಾಗೆ! ಪರಿಣಾಮ? ಹೀರೋ ಸಣ್ಣ ಚೌಕಳಿ ಅಂಗಿ ಹಾಕಿಕೊಂಡು ಬಂದರೆ ಅಂಗಿಯ ಮೇಲೆ ಕಾಮನಬಿಲ್ಲು ಹರಿದಾಡುತ್ತೆ. ಮಂಗಳೂರು ಹೆಂಚಿನ ಮನೆ ತೋರಿಸಿದರೆ ಹೆಂಚೆಲ್ಲ ಕುಣಿಯುತ್ತೆ. ಕ್ಯಾಮೆರಾ ಸರ್ರನೆ ತಿರುಗಿಸಿದರೆ ಲೈಟು ಕಂಬ ಕುಡುಕನ ಹಾಗೆ ವಾಲುತ್ತೆ.

ಪೈಲ್ವಾನ್ ಬಂದ ದಾರಿ ಬಿಡಿ!

ಈಗ ಎಫ್‌ಎಕ್ಸ್ ತ್ರೀ. ನೋಡೋಕೆ ಇಟ್ಟಿಗೆ ಚೂರಿನ ಹಾಗೆ ಚೌಕ. ಬ್ಯಾಟರಿ, ಕಾರ್ಡು ಸೇರಿ 715 ಗ್ರಾಂ. ಹಳೇ ಹುಲಿ ಬ್ಯಾಟರಿ ಇಲ್ಲದೆಯೇ 810! ಚಿಪ್ಪಿನ ಅಳತೆ ಎರಡರಲ್ಲೂ ಒಂದೇ. ಆದರೆ ಹೊಸಬನ ಮೆಗಾಪಿಕ್ಸೆಲ್ ಎಷ್ಟು ಗೊತ್ತಾ? ಬರೀ 12. ‘ಅಯ್ಯೋ, ಕಮ್ಮಿ ಆಯ್ತಲ್ಲ!’ ಅಂತೀರಾ? ಅಲ್ಲೇ ಇರೋದು ಗುಟ್ಟು. ಚುಕ್ಕಿ ಕಮ್ಮಿ ಇದ್ದರೆ ಒಂದೊಂದು ಚುಕ್ಕಿಯೂ ದೊಡ್ಡದು, ಒಂದೊಂದೂ ಹೆಚ್ಚು ಬೆಳಕು ಕುಡಿಯುತ್ತೆ. ಸಾಲು ಹಾರಿಸುವ ಕಳ್ಳಾಟವಿಲ್ಲ, ಪೂರ್ತಿ ಓದಿ ಫೋರ್ ಕೆ ಚಿತ್ರ ಕೊಡುತ್ತೆ. ಒಂದು ಚೌಕಟ್ಟಿನಲ್ಲಿ ಸುಮಾರು 83 ಲಕ್ಷ ಚುಕ್ಕಿ, ಹಳೆಯದರ ವಿಡಿಯೋದ ನಾಲ್ಕು ಪಟ್ಟು. ಸೆಕೆಂಡಿಗೆ 120 ಚೌಕಟ್ಟಿನವರೆಗೂ ಓಡುತ್ತೆ. ಅಂದರೆ ಹೀರೋ ಏಟಿಗೆ ವಿಲನ್ ಹಾರಿ ಬೀಳೋದನ್ನ ನಿಧಾನವಾಗಿ ಸವಿಯಬಹುದು.

ಬಣ್ಣದ ಲೆಕ್ಕ ಇನ್ನೂ ಮಜಾ. ಹಳೆಯದು ಎಂಟು ಬಿಟ್. ಕೆಂಪು, ಹಸಿರು, ನೀಲಿ ಒಂದೊಂದರಲ್ಲೂ 256 ಮೆಟ್ಟಿಲು, ಒಟ್ಟು 1.67 ಕೋಟಿ ಬಣ್ಣ. ಹೊಸದು ಹತ್ತು ಬಿಟ್, ಒಂದೊಂದರಲ್ಲೂ 1024 ಮೆಟ್ಟಿಲು, ಒಟ್ಟು 107 ಕೋಟಿ! ತೆಗೆದ ಮೇಲೆ ಸಂಜೆಯ ಆಕಾಶವನ್ನು ಸ್ವಲ್ಪ ಕೆಂಪು ಮಾಡೋಣ ಅಂತ ಹೊರಟರೆ ಹಳೆಯದರಲ್ಲಿ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯುತ್ತೆ. ಹೊಸದು ಎಳೆದಷ್ಟು ಬಗ್ಗುತ್ತೆ. ಫೋಕಸ್ಸು? ಹಳೆಯದರಲ್ಲಿ ಕೈಯಿಂದಲೇ ತಿರುಗಿಸಬೇಕು. ಹೊಸದು ಹೀರೋ ಕಣ್ಣಿಗೆ ಗಂಟು ಬಿದ್ದರೆ ಬಿಡೋದೇ ಇಲ್ಲ, ಹೊಸ ಸೊಸೆ ಮೇಲೆ ಅತ್ತೆ ಕಣ್ಣಿಟ್ಟ ಹಾಗೆ.

2023ರಲ್ಲಿ ಬಂದ ‘ದಿ ಕ್ರಿಯೇಟರ್’ ನೋಡಿದ್ದೀರಾ? 8 ಕೋಟಿ ಡಾಲರಿನ ಹಾಲಿವುಡ್ ಚಿತ್ರ. ದೃಶ್ಯ ಚಮತ್ಕಾರಕ್ಕೆ ಆಸ್ಕರ್ ನಾಮಕರಣವನ್ನೂ ಪಡೆಯಿತು. ನಿರ್ದೇಶಕ ಗ್ಯಾರೆತ್ ಎಡ್ವರ್ಡ್ಸ್, ಛಾಯಾಗ್ರಾಹಕರು ಗ್ರೆಗ್ ಫ್ರೇಸರ್ ಮತ್ತು ಓರೆನ್ ಸಾಫರ್. ಕ್ಯಾಮೆರಾ ಯಾವುದು? ಇದೇ ಎಫ್‌ಎಕ್ಸ್ ತ್ರೀ! ಬಿಡುಗಡೆಯಾದಾಗ ಅಮೆರಿಕದಲ್ಲಿ 3,899 ಡಾಲರಿಗೆ ಸಿಗುತ್ತಿದ್ದ ಪೆಟ್ಟಿಗೆ. ಪಕ್ಕದಲ್ಲಿ ಒಂದು ಪುಟ್ಟ ರೆಕಾರ್ಡರ್ ಸಿಕ್ಕಿಸಿಕೊಂಡು ಥಾಯ್ಲೆಂಡ್, ನೇಪಾಳ ಅಂತ ಸುತ್ತಿದರು. ಈ ಸುದ್ದಿ ಬಂದದ್ದೇ ತಡ, ನಮ್ಮ ಹುಡುಗರ ತಲೆ ಕೆಟ್ಟಿತು. ಆದರೆ 8 ಕೋಟಿ ಡಾಲರಿನಲ್ಲಿ ಕ್ಯಾಮೆರಾಕ್ಕೆ ಹೋದದ್ದು ಕಡ್ಲೆಪುರಿ ದುಡ್ಡು ಅನ್ನೋದನ್ನು ಯಾರೂ ಹೇಳೋದಿಲ್ಲ. ಅದೇ ಎಡ್ವರ್ಡ್ಸ್ 2010ರಲ್ಲಿ ‘ಮಾನ್‌ಸ್ಟರ್ಸ್’ ಅನ್ನುವ ಚಿತ್ರವನ್ನು ತಾನೇ ಕ್ಯಾಮೆರಾ ಹೊತ್ತು, ಬೆರಳೆಣಿಕೆಯ ಜನರ ಜತೆ ತೆಗೆದವರು ಅನ್ನೋದನ್ನೂ ಹೇಳೋದಿಲ್ಲ.

ತಿಪಟೂರಿನ ತೋಟದಲ್ಲಿ

ಈಗ ಬಂದೆ ವಿಷಯಕ್ಕೆ. ತಿಪಟೂರಿನ ಹತ್ತಿರ ಒಬ್ಬ ಹುಡುಗ. ಮದುವೆ ಫೋಟೋ ತೆಗೆದು ಸಂಸಾರ ನಡೆಸುವವನು. ಸೆಕೆಂಡ್‌ಹ್ಯಾಂಡ್ ಫೈವ್ ಡಿ ಮಾರ್ಕ್ ಟು ಅವನ ಆಸ್ತಿ. ಗೆಳೆಯರನ್ನು ಕಟ್ಟಿಕೊಂಡು ನಲವತ್ತು ನಿಮಿಷದ ಚಿತ್ರ ತೆಗೆಯಲು ಹೊರಟಿದ್ದಾನೆ. ತೆಂಗಿನ ತೋಟ ಕಾಯುವ ಮುದುಕ, ಕಾಯಿ ಕದಿಯಲು ಬರುವ ಹುಡುಗ, ಇಬ್ಬರ ಕಥೆ. 22 ಸೀನಿನಲ್ಲಿ 14 ರಾತ್ರಿ!

‘ಅಣ್ಣಾ, ಎಫ್‌ಎಕ್ಸ್ ತ್ರೀ ಇಲ್ದೆ ಇದು ಆಗಲ್ಲ. ತೋಟ ಅಡ ಇಟ್ಟು ತಗೊಂಡ್ಬಿಡ್ತೀನಿ’ ಅಂತ ಫೋನಿನಲ್ಲಿ ಹೇಳಿದ. ಎದೆ ಧಸಕ್ಕೆಂದಿತು. ‘ದುಡ್ಡು ಎಣಿಸೋಕೆ ಮುಂಚೆ ಒಂದಿನ ಬಾಡಿಗೆಗೆ ತರ್ಸು, ನಾನೂ ಬರ್ತೀನಿ’ ಅಂದೆ. ಹೋದೆ. ಅವರಮ್ಮ ಕಾಫಿ ಕೊಟ್ಟು, ಟೀಪಾಯಿ ಮೇಲಿನ ಎರಡೂ ಕ್ಯಾಮೆರಾ ನೋಡಿ ಒಂದೇ ಮಾತು ಕೇಳಿದರು: ‘ಈ ಕಪ್ಪು ಡಬ್ಬಕ್ಕೂ ಆ ಕಪ್ಪು ಡಬ್ಬಕ್ಕೂ ಏನಪ್ಪಾ ವ್ಯತ್ಯಾಸ?’

ಬೆಳಿಗ್ಗೆ ಮುದುಕನ ಪಾತ್ರಧಾರಿಯನ್ನು ಜಗಲಿಯಲ್ಲಿ ಕೂರಿಸಿ ಎರಡರಲ್ಲೂ ತೆಗೆದೆವು. ಮುಖ, ಸುಕ್ಕು, ಬಿಳಿ ಗಡ್ಡ. ದೊಡ್ಡ ಟಿವಿಯಲ್ಲಿ ಹಾಕಿ ನೋಡಿದಾಗ ಹುಡುಗರಿಗೆ ಯಾವುದು ಯಾವುದೆಂದು ತಕ್ಷಣ ಹೇಳಲಾಗಲಿಲ್ಲ. ಹೊಸದು ಚೂಪು, ನಿಜ. ಹಳೆಯದರಲ್ಲಿ ಚರ್ಮದ ಬಣ್ಣ ಹಿತವಾಗಿತ್ತು, ನನಗಂತೂ ಅದೇ ಇಷ್ಟವಾಯಿತು. ಹೆಂಚು ಮಾತ್ರ ಕುಣಿಯಿತು. ಕ್ಯಾಮೆರಾ ಎರಡು ಹೆಜ್ಜೆ ಸರಿಸಿ ಹೆಂಚನ್ನು ಚೌಕಟ್ಟಿನಿಂದ ಆಚೆ ಹಾಕಿದೆವು, ಅಷ್ಟೇ.

ಸಂಜೆ ಮುಗಿದ ಮೇಲೆ ಅಸಲಿ ಕುಸ್ತಿ. ತೋಟದ ನಡುವೆ ಒಂದು ಲಾಟೀನು, ಮೇಲೆ ಅರ್ಧ ಚಂದ್ರ. ಜನರೇಟರ್ ಇಲ್ಲ, ಲೈಟ್‌ಬಾಯ್ ಇಲ್ಲ. ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋದಕ್ಕೆ ಐಎಸ್‌ಒ ಅಂತ ಒಂದು ಅಂಕಿ ಇದೆ. ಫೈವ್ ಡಿಯನ್ನು 1600ಕ್ಕೆ ಇಟ್ಟರೆ ಲಾಟೀನಿನ ಕುಡಿ, ಮುದುಕನ ಒಂದು ಕೆನ್ನೆ, ಉಳಿದದ್ದೆಲ್ಲ ಕಾಡಿಗೆ. 6400ಕ್ಕೆ ಏರಿಸಿದೆವು, ಚಿತ್ರದ ಮೇಲೆ ರವೆ ಎರಚಿದ ಹಾಗಾಯಿತು. ಎಫ್‌ಎಕ್ಸ್ ತ್ರೀಯನ್ನು 12800ಕ್ಕೆ ಇಟ್ಟೆವು. ಈ ಅಂಕಿಯಲ್ಲಿ ದುಡಿಯಲೆಂದೇ ಆ ಚಿಪ್ಪನ್ನು ಅಣಿಗೊಳಿಸಿದ್ದಾರೆ. 1600ಕ್ಕೆ ಬೇಕಾದ ಬೆಳಕಿನ ಎಂಟನೇ ಒಂದು ಪಾಲು ಸಾಕು. ಮುದುಕ ಕಂಡ, ಅವನ ಹಿಂದೆ ಮರಗಳ ಸಾಲು ಕಂಡಿತು, ಮರದ ಬುಡದಲ್ಲಿ ಮಲಗಿದ್ದ ನಾಯಿ ಕಂಡಿತು! ಅಲ್ಲೊಂದು ನಾಯಿ ಇದೆ ಅಂತ ಸ್ಥಳದಲ್ಲಿದ್ದ ನಮಗೇ ಗೊತ್ತಿರಲಿಲ್ಲ.

ಹುಡುಗರು ಶಿಳ್ಳೆ ಹೊಡೆದರು. ಆದರೆ ಕಳ್ಳನ ಪಾತ್ರದ ಹುಡುಗ ತಲೆ ಕೆರೆದುಕೊಂಡ. ‘ಎಲ್ಲಾ ಕಾಣ್ತೈತೆ ಅಣ್ಣಾ, ಆದ್ರೆ ಭಯ ಆಗ್ತಿಲ್ಲ. ಇಷ್ಟ್ ಕಂಡ್ರೆ ಕದಿಯೋಕ್ ಬರೋನಿಗೆ ಬುದ್ಧಿ ಬ್ಯಾಡ್ವಾ?’ ಭಲೇ! ಮಾತು ಅಂದ್ರೆ ಇದು. ಬೆಳಕು ಎಲ್ಲಿ ಬೇಡ ಅನ್ನೋದನ್ನೂ ಯಾರಾದರೂ ನಿರ್ಧರಿಸಬೇಕಲ್ಲ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋ ಒಳಗೆ ತಂದು ಒಂದು ಬೆಳಕಿನ ಕೋಲು ನಿಲ್ಲಿಸಿದರು. ಸುತ್ತಲೂ ಕತ್ತಲು ಬಿಟ್ಟದ್ದಕ್ಕೇ ಆ ಕೋಲು ಕಂಡಿತು.

ಲಾಟೀನಿಗೆ ಒಂದು ಕಡೆ ರಟ್ಟು ಮರೆ ಕಟ್ಟಿದೆವು. ತೆಗೆದದ್ದನ್ನು ಕಂಪ್ಯೂಟರಿನಲ್ಲಿ ತಗ್ಗಿಸಿದೆವು. ಹತ್ತು ಬಿಟ್ಟಿನ ಉಪಕಾರ ಅಲ್ಲಿ ಗೊತ್ತಾಯಿತು. ಕತ್ತಲು ಮತ್ತೆ ಕತ್ತಲಾಯಿತು, ರವೆ ಬರಲಿಲ್ಲ, ಮುದುಕನ ಕಣ್ಣು ಉಳಿಯಿತು. ಇದು ಹಳೇ ಹುಲಿಯಿಂದ ಆಗದ ಕೆಲಸ. ಈ ಸುತ್ತಿನಲ್ಲಿ ಪೈಲ್ವಾನ್ ಬೆನ್ನು ಮುಟ್ಟಿಸಿ ಗೆದ್ದ, ಅನುಮಾನವೇ ಇಲ್ಲ.

ಹಾಗಾದರೆ ತೋಟ ಅಡ ಇಡೋಣವೇ? ಅವನ ಮುಂದೆ ಲೆಕ್ಕ ಇಟ್ಟೆ. ಹಳೆಯದು ಗಂಟೆಗೆ ಸುಮಾರು 20 ಗಿಗಾಬೈಟ್ ತಿನ್ನುತ್ತೆ. ಹೊಸದನ್ನು ಒಳ್ಳೆಯ ಗುಣಮಟ್ಟದಲ್ಲಿ ಓಡಿಸಿದರೆ ನೂರಕ್ಕೂ ಮೇಲೆ. ಕಾರ್ಡು, ಡಿಸ್ಕು, ಕಂಪ್ಯೂಟರು ಎಲ್ಲ ಹೊಸದೇ ಬೇಕು. ಕ್ಯಾನನ್ ಲೆನ್ಸುಗಳನ್ನು ಕೂರಿಸಲು ಅಡಾಪ್ಟರ್ ಬೇಕು. ಇನ್ನೊಂದು ವಿಷಯ ಅವನ ಹೊಟ್ಟೆಪಾಡಿನದು: ಮದುವೆ ಆಲ್ಬಮ್ಮಿಗೆ 21 ಮೆಗಾಪಿಕ್ಸೆಲ್ ಫೋಟೋ ಕೊಡುತ್ತಿದ್ದವನು ಹಳೆಯದನ್ನು ಮಾರಿದರೆ 12ಕ್ಕೆ ಇಳಿಯಬೇಕು. ಕಣ್ಣಿಟ್ಟು ನೋಡುವ ಕಿಂಡಿಯೂ ಇದರಲ್ಲಿ ಇಲ್ಲ. ಮಂಟಪದ ಬಿಸಿಲಿನಲ್ಲಿ ಪರದೆ ನೋಡಿ ತಾಳಿ ಕಟ್ಟುವ ಫೋಟೋ ಹೊಡಿ ನೋಡೋಣ!

ಹುಡುಗ ರಾತ್ರಿಯೆಲ್ಲ ಯೋಚಿಸಿದನಂತೆ. ಬೆಳಿಗ್ಗೆ ಸ್ಕ್ರಿಪ್ಟು ಹರಡಿಕೊಂಡು ರಾತ್ರಿ ಸೀನುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ. ಮೂರು ರಾತ್ರಿಗೆ ಹೊಸದು ಬಾಡಿಗೆ, ಹಗಲಿನ ಎಂಟೂ ಸೀನು ಫೈವ್ ಡಿಯಲ್ಲೇ. ಎರಡೂ ಸೆಕೆಂಡಿಗೆ 25 ಚೌಕಟ್ಟು, ಚಿತ್ರದ ಕೊನೆಯ ಅಳತೆ 1080. ಬಣ್ಣ ಹೊಂದಿಸುವುದು ಸ್ವಲ್ಪ ತಲೆನೋವು, ಆದರೆ ಕಥೆಯಲ್ಲಿ ಹಗಲೇ ಬೇರೆ, ರಾತ್ರಿಯೇ ಬೇರೆ. ಕಣ್ಣಿಗೆ ಚುಚ್ಚುವುದಿಲ್ಲ.

ನಾನು ಇದನ್ನು ಬರೆಯುವ ಹೊತ್ತಿಗೆ ಎರಡು ರಾತ್ರಿ ಮುಗಿದಿದೆ. ಮೂರನೇ ರಾತ್ರಿ ಮಳೆ ಹಿಡಿದುಕೊಂಡು ಕ್ಯಾಮೆರಾ ಹಾಗೇ ವಾಪಸಾಯಿತು. ಈಗ ಮಳೆ ಬಿಡಲಿ ಅಂತ ಕಾಯುತ್ತಿದ್ದಾರೆ. ತೋಟದ ಪತ್ರ ಅವರಮ್ಮನ ಟ್ರಂಕಿನಲ್ಲೇ ಇದೆ. ನಾಯಿಗೂ ಒಂದು ಪಾತ್ರ ಸಿಕ್ಕಿದೆ.