ಜೈಲಿಗೆ ಹೋದರೆ ಊರುಗೋಲು ಏನಾಗುತ್ತದೆ?

ತೇವಾರಂ: ನೆಲಕ್ಕೆ ಹಾಸಿದ ಚಾಪೆಯಿಂದ ಏಳಲು ನಿಮಗೆ ಎಷ್ಟು ಹೊತ್ತು ಬೇಕು? ಒಂದು ಕ್ಷಣ ಸಾಕು. ತೊಡೆ, ಸೊಂಟದ ಸ್ನಾಯು ಸವೆಯುವ ಕಾಯಿಲೆ ಇದ್ದವರಿಗೆ ಅದೇ ದೊಡ್ಡ ಕೆಲಸ. ಕೈ ಊರಬೇಕು, ಗೋಡೆ ಹಿಡಿಯಬೇಕು, ಕೊನೆಗೆ ಯಾರಾದರೂ ಎತ್ತಬೇಕು. ಮನೆಯಲ್ಲಾದರೆ ಹೆಂಡತಿ ಮಕ್ಕಳಿದ್ದಾರೆ. ಜೈಲಿನಲ್ಲಿ ಯಾರಿದ್ದಾರೆ?

ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಮ್ಮ ರಾಜ್ಯದಿಂದಲೇ. ಬೆಕರ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಸ್ನಾಯುರೋಗ ಇರುವ ವಕೀಲರೊಬ್ಬರನ್ನು 2020ರಲ್ಲಿ, ಜಮೀನಿನ ತಗಾದೆಯಿಂದ ಹುಟ್ಟಿದ ಕೇಸಿನಲ್ಲಿ ಬಂಧಿಸಿ ಕೊಯಮತ್ತೂರು ಕೇಂದ್ರ ಕಾರಾಗೃಹಕ್ಕೆ ಕಳಿಸಿದರು. ಒಳಗಿದ್ದದ್ದು ಕೆಲವೇ ದಿನ. ಆದರೆ ತಮ್ಮ ದೇಹಕ್ಕೆ ಬೇಕಾದ ಊಟ, ಚಿಕಿತ್ಸೆ, ಸೌಲಭ್ಯ ಯಾವುದೂ ಅಲ್ಲಿ ಸಿಗಲಿಲ್ಲ ಎಂದು ಅವರು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಆಯೋಗ 1 ಲಕ್ಷ ರೂಪಾಯಿ ಪರಿಹಾರ ಹೇಳಿತು, ಮದ್ರಾಸ್ ಹೈಕೋರ್ಟ್ ಅದನ್ನು 5 ಲಕ್ಷಕ್ಕೆ ಏರಿಸಿತು. ಇನ್ನೂ ಹೆಚ್ಚು ಬೇಕೆಂದು ಅವರು ದೆಹಲಿಗೆ ಹೋದರು. 'ಎಲ್. ಮುರುಗಾನಂದಂ ವಿರುದ್ಧ ತಮಿಳುನಾಡು ಸರ್ಕಾರ' ಎಂಬ ಆ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ 2025ರ ಜುಲೈ 15ರಂದು ತೀರ್ಪು ಕೊಟ್ಟಿತು.

ದುಡ್ಡು ಹೆಚ್ಚಾಗಲಿಲ್ಲ. ಜೈಲಿನ ಅಧಿಕಾರಿಗಳು ಬೇಕೆಂದೇ ಹಿಂಸೆ ಕೊಟ್ಟರು ಎನ್ನಲು ಆಧಾರವಿಲ್ಲ, ಕೊರತೆ ಇರುವುದು ಜೈಲುಗಳ ವ್ಯವಸ್ಥೆಯಲ್ಲೇ ಎಂದಿತು ಕೋರ್ಟು. ಊಟದ ವಿಷಯದಲ್ಲಿ ಮೊಟ್ಟೆ, ಕೋಳಿಮಾಂಸದಂಥ ಪ್ರೋಟೀನ್ ಆಹಾರ ದಿನವೂ ಬೇಕೆಂಬ ಕೋರಿಕೆಯಿತ್ತು. ತನಗೆ ಇಷ್ಟವಾದ, ದುಬಾರಿ ಊಟ ಕೇಳುವುದು ಕೈದಿಯ ಹಕ್ಕಲ್ಲ, ಆದರೆ ಅವನ ಆರೋಗ್ಯಕ್ಕೆ ತಕ್ಕ ಪೌಷ್ಟಿಕ ಆಹಾರ ಕೊಡುವುದು ಸರ್ಕಾರದ ಹೊಣೆ ಎಂದು ಹೇಳಿತು. ಈ ಗೆರೆ ಎಲ್ಲರಿಗೂ ಒಪ್ಪಿಗೆಯಾಗಲಿಕ್ಕಿಲ್ಲ. ಸ್ನಾಯು ಸವೆಯುವವನಿಗೆ ಮೊಟ್ಟೆ ರುಚಿಯೋ ಔಷಧಿಯೋ? ಅದನ್ನು ತೀರ್ಮಾನಿಸುವುದು ಡಾಕ್ಟರ ಚೀಟಿ. ಆದ್ದರಿಂದ ಆ ಚೀಟಿ ಇಲ್ಲದೆ ಯಾರೂ ಒಳಗೆ ಹೋಗಬಾರದು!

ಕೋರ್ಟು ಅಷ್ಟಕ್ಕೆ ನಿಲ್ಲಲಿಲ್ಲ. ತಮಿಳುನಾಡಿನ ಎಲ್ಲ ಜೈಲುಗಳಿಗೂ ನಿರ್ದೇಶನ ಕೊಟ್ಟಿತು. ಒಳಗೆ ಬರುವಾಗಲೇ ಅಂಗವಿಕಲರನ್ನು ಗುರುತಿಸಬೇಕು, ತಮಗೆ ಏನು ಬೇಕೆಂದು ಹೇಳಲು ಅವರಿಗೆ ಅವಕಾಶ ಕೊಡಬೇಕು. ಜೈಲಿನ ನಿಯಮಗಳನ್ನು ಬ್ರೈಲ್, ದೊಡ್ಡಕ್ಷರ, ಸನ್ನೆ ಭಾಷೆ ಅಥವಾ ಸರಳ ಮಾತಿನಲ್ಲಿ ತಿಳಿಸಬೇಕು. ಗಾಲಿಕುರ್ಚಿ ಹೋಗುವ ದಾರಿ, ಇಳಿಜಾರು, ಬಳಸಲು ಬರುವ ಶೌಚಾಲಯ ಇರಬೇಕು. ಫಿಸಿಯೋಥೆರಪಿ ಸಿಗಬೇಕು. ಆರು ತಿಂಗಳೊಳಗೆ ಪ್ರತಿ ಜೈಲನ್ನೂ ತಜ್ಞರು ಪರಿಶೀಲಿಸಬೇಕು, ಜೈಲು ಕೈಪಿಡಿಯನ್ನೂ ತಿದ್ದಬೇಕು.

ಶೌಚಾಲಯದ ಮಾತು ಸಣ್ಣದಲ್ಲ. ನಮ್ಮ ಬೀದಿಗಳಲ್ಲಿ ಮಂಡಿ ಮಡಚಲಾಗದ ಅಜ್ಜಿಯರಿಗೆ ಏನು ಮಾಡುತ್ತೇವೆ? ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಇಡುತ್ತೇವೆ. ನೂರಿನ್ನೂರು ರೂಪಾಯಿಯ ಕೆಲಸ. ಕುಕ್ಕರುಗಾಲಲ್ಲಿ ಕೂರಲಾಗದ ಕೈದಿಗೆ ಅಂಥದೊಂದು ಕುರ್ಚಿ ಇಲ್ಲದಿದ್ದರೆ ಅವನು ಮಾಡುವ ಮೊದಲ ಕೆಲಸ ಊಟ, ನೀರು ಕಡಿಮೆ ಮಾಡುವುದು. ಶಿಕ್ಷೆ ಇನ್ನೂ ಆಗಿರುವುದಿಲ್ಲ, ಕೇಸು ವಾಯ್ದಾ ಮೇಲೆ ವಾಯ್ದಾ ನಡೆಯುತ್ತಿರುತ್ತದೆ, ದೇಹ ಮಾತ್ರ ಇಳಿಯುತ್ತದೆ.

ಸ್ಟ್ಯಾನ್ ಸ್ವಾಮಿಯವರ ಕಥೆ ನಿಮಗೆ ನೆನಪಿರಬಹುದು. ತಿರುಚಿ ಕಡೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲೂ ವರ್ಷಗಟ್ಟಲೆ ಕೆಲಸ ಮಾಡಿದ ಪಾದ್ರಿ ಅವರು. 2020ರ ಅಕ್ಟೋಬರಿನಲ್ಲಿ ಬಂಧನವಾದಾಗ ವಯಸ್ಸು 83. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಬಂಧನದಲ್ಲಿರುವಾಗಲೇ ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಹೋದರು.

ಗಡಿ ದಾಟಿದರೆ?

ಇದು ನಮಗೇ ಇರುವ ಪ್ರಶ್ನೆ. ಕಣಿವೆಯಿಂದ ಜೀಪು ಹತ್ತಿ ಬೋಡಿಮೆಟ್ಟು, ಕಂಬಂಮೆಟ್ಟು ಮೇಲೆ ಏಲಕ್ಕಿ ತೋಟದ ಕೂಲಿಗೆ ಹೋಗುವವರಿದ್ದಾರೆ. ಅಲ್ಲಿ ಕೇಸಾದರೆ ಜೈಲು ಕೇರಳದ್ದು. ತಮಿಳುನಾಡಿಗೆ ಕೊಟ್ಟ ಆದೇಶ ಅಲ್ಲಿ ನಡೆಯುತ್ತದೆಯೇ? 2025ರ ಜುಲೈನಲ್ಲಿ ಕೇಳಿದ್ದರೆ ಉತ್ತರ ಅಷ್ಟು ಸುಲಭವಿರಲಿಲ್ಲ. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಅದೇ ನಿರ್ದೇಶನಗಳನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಊರುಗೋಲು, ಗಾಲಿಕುರ್ಚಿಯಂಥ ಸಾಧನಗಳು ಒಳಗೆ ಸಿಗುವ ವ್ಯವಸ್ಥೆ ಮಾಡಬೇಕೆಂದೂ ಸೇರಿಸಿತು. ಹಾಗಾಗಿ ಈಗ ಕೇರಳವೂ ಒಂದೇ, ಕರ್ನಾಟಕವೂ ಒಂದೇ.

ಆದರೆ ಆದೇಶ ಕಾಗದದ ಮೇಲಿದೆ. ಅದು ಕೆಲಸ ಮಾಡಬೇಕಾದರೆ 'ಈತ ಅಂಗವಿಕಲ' ಎಂಬ ಮಾತು ದಾಖಲೆಯಲ್ಲಿ ಬರಬೇಕು. ಅದನ್ನು ಬರೆಸುವ ಕೆಲಸ ಹೆಚ್ಚಾಗಿ ಮನೆಯವರದ್ದೇ.

ಬಂಧಿಸಿದ ಕೂಡಲೇ ಸರ್ಕಾರಿ ಡಾಕ್ಟರ್ ಪರೀಕ್ಷೆ ಮಾಡಬೇಕು, ಆ ವರದಿಯ ಪ್ರತಿ ಕೇಳಿ ಪಡೆಯಬಹುದು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ನಮ್ಮ ಕಡೆಯವರಿಗೆ ಸಾಮಾನ್ಯವಾಗಿ ಅದು ಉತ್ತಮಪಾಳಯಂ ಕೋರ್ಟು. ಮಾತಾಡಬೇಕಾದ ಜಾಗ ಅದೇ. ಅಂಗವಿಕಲರ ಗುರುತಿನ ಚೀಟಿ, ಆಸ್ಪತ್ರೆಯ ಕಾಗದ, ಮಾತ್ರೆಯ ಹೆಸರು ಎಲ್ಲ ತೆಗೆದುಕೊಂಡು ಹೋಗಿ, ಏನು ಬೇಕೆಂದು ಮನು ಕೊಡಿಸಿ, ರಿಮಾಂಡ್ ಆದೇಶದಲ್ಲೇ ಬರೆಯುವಂತೆ ಕೇಳಿಕೊಳ್ಳಿ. ಜಾಮೀನು ಸುಲಭವಾಗಿ ಸಿಗದ ಕೇಸಿನಲ್ಲೂ ಕಾಯಿಲೆಯವರಿಗೆ, ಅಶಕ್ತರಿಗೆ ಜಾಮೀನು ಕೊಡುವ ಅಧಿಕಾರ ಕೋರ್ಟಿಗೆ ಇದೆ, ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಂ ಅದು. ಅದಕ್ಕೂ ಮುಂಚಿನ ಮಾತು 35ನೇ ಕಲಮಿನಲ್ಲಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಿನಲ್ಲಿ ಅಶಕ್ತರನ್ನು, 60 ದಾಟಿದವರನ್ನು ಡಿಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಇಲ್ಲದೆ ಬಂಧಿಸುವ ಹಾಗೇ ಇಲ್ಲ.

ವಕೀಲರಿಗೆ ದುಡ್ಡಿಲ್ಲವೇ? ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಫೋನ್ 15100.

ಕಿವುಡ, ಮೂಗರ ಪಾಡು ಇನ್ನೂ ಕಷ್ಟ. ಶಾಲೆಗೆ ಹೋಗದವರಿಗೆ ಸನ್ನೆ ಭಾಷೆಯೂ ಬರುವುದಿಲ್ಲ, ಮನೆಯಲ್ಲಿ ತಾಯಿಯ ಜೊತೆ ಮಾಡಿಕೊಂಡ ಸನ್ನೆಗಳಷ್ಟೇ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಇರುವ ನಮ್ಮಂಥವರ ಮನೆಯಲ್ಲಿ ಅವನು ತುಟಿ ನೋಡಿ ಕಲಿತದ್ದು ಯಾವ ಮಾತು ಎಂದು ಪೊಲೀಸರಿಗೆ ಹೇಗೆ ಗೊತ್ತಾಗಬೇಕು? ಕೋರ್ಟಿಗೆ ತಾಯಿಯನ್ನೇ ಕರೆದುಕೊಂಡು ಹೋಗಿ. ಅವಳಿಲ್ಲದೆ ಅವನ ಹೇಳಿಕೆ ಬರೆದುಕೊಳ್ಳಬೇಡಿ ಎಂದು ಕೇಳಿಕೊಳ್ಳಬಹುದು. ಕೋರ್ಟು, ಅಧಿಕಾರಿಗಳ ಮುಂದೆ ಭೇದಭಾವವಿಲ್ಲದೆ ನ್ಯಾಯ ಕೇಳುವ ಹಕ್ಕು ಅಂಗವಿಕಲರಿಗೆ 2016ರ ಕಾಯ್ದೆಯ 12ನೇ ಕಲಮಿನಲ್ಲೇ ಇದೆ.

ಒಳಗೆ ಸೌಲಭ್ಯ ಸಿಗದಿದ್ದರೆ ಮೊದಲು ಜೈಲು ಸೂಪರಿಂಟೆಂಡೆಂಟರಿಗೆ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಆಮೇಲೆ ಚೆನ್ನೈನ ಮಾನವ ಹಕ್ಕುಗಳ ಆಯೋಗವಿದೆ. ಅಲ್ಲಿ ದೂರಿಗೆ ಫೀಸಿಲ್ಲ, ಆದರೆ ಘಟನೆಯಾಗಿ ಒಂದು ವರ್ಷದೊಳಗೆ ಕೊಡಬೇಕು. ತೇನಿ ಜಿಲ್ಲಾ ಜೈಲಿನಲ್ಲಿ, ಮಧುರೈ ಕೇಂದ್ರ ಕಾರಾಗೃಹದಲ್ಲಿ ಕೋರ್ಟು ಹೇಳಿದ ಪರಿಶೀಲನೆ ನಡೆಯಿತೇ, ಎಷ್ಟು ಇಳಿಜಾರು ಕಟ್ಟಿದರು, ಎಷ್ಟು ಶೌಚಾಲಯ ಬದಲಿಸಿದರು ಎಂದು ಯಾರು ಬೇಕಾದರೂ ಕೇಳಬಹುದು. ಒಂದು ಬಿಳಿ ಹಾಳೆ, 10 ರೂಪಾಯಿ ಕೋರ್ಟ್ ಫೀ ಸ್ಟಾಂಪು ಸಾಕು. ಮಾಹಿತಿ ಹಕ್ಕಿನಲ್ಲಿ ಉತ್ತರಕ್ಕೆ 30 ದಿನದ ಗಡುವು. ಒಳಗಿರುವವರ ಜೀವದ ಪ್ರಶ್ನೆಯಾದರೆ 48 ಗಂಟೆ.