ವಕೀಲರ ಫೀಸಿನಿಂದ ಎದ್ದ ಕಾಲೇಜು

ವಕೀಲರ ದುಡ್ಡು ಎಲ್ಲಿಗೆ ಹೋಗುತ್ತೆ? ಕೋರ್ಟಿನ ಎದುರಿನ ಹೋಟೆಲಿನಲ್ಲಿ ಕೂತು ಈ ಪ್ರಶ್ನೆ ಕೇಳಿ ನೋಡಿ. “ಬಂಗಲೆಗೆ, ತೋಟಕ್ಕೆ, ಮಗಳ ಮದುವೆಗೆ” ಅಂತ ಥಟ್ಟನೆ ಉತ್ತರ ಬರುತ್ತೆ. ಕೇಸು ಸೋತವರಾದರೆ ಇನ್ನೂ ನಾಲ್ಕು ಮಾತು ಸೇರಿಸುತ್ತಾರೆ.

ಅಂಥವರು ಕಲ್ಕತ್ತೆಯ ತಾರಕನಾಥ ಪಾಲಿತ್ ಅವರ ಕಥೆ ಕೇಳಬೇಕು. ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರಾಗಿ ಬಂದು, ಕಲ್ಕತ್ತಾ ಹೈಕೋರ್ಟಿನಲ್ಲಿ ಕೈತುಂಬ ಸಂಪಾದಿಸಿದವರು. ಕರಿ ಕೋಟು ಕಳಚಿಟ್ಟು ವಿಶ್ರಾಂತಿ ಪಡೆಯಬೇಕಾದ ಇಳಿವಯಸ್ಸಿನಲ್ಲಿ, 1912ರಲ್ಲಿ, ಜಾಗ, ಮನೆ, ನಗದು ಎಲ್ಲಾ ಸೇರಿ ಸುಮಾರು 15 ಲಕ್ಷ ರೂಪಾಯಿಯ ಆಸ್ತಿಯನ್ನು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ವಿಜ್ಞಾನ ಕಾಲೇಜು ಕಟ್ಟಿ ಅಂದರು.

ಆದರೆ ವಕೀಲರಲ್ಲವೇ, ಪತ್ರದಲ್ಲಿ ಷರತ್ತು ಹಾಕದೆ ಬಿಟ್ಟಾರೆಯೇ? ತಮ್ಮ ಹಣದಿಂದ ಸಂಬಳ ಪಡೆಯುವ ಪ್ರೊಫೆಸರು ಭಾರತೀಯನೇ ಆಗಿರಬೇಕು! ದೊಡ್ಡ ಕುರ್ಚಿಗಳಲ್ಲೆಲ್ಲ ಬಿಳಿಯರು ಕೂತಿದ್ದ ಕಾಲದಲ್ಲಿ ಈ ಒಂದು ಸಾಲಿಗೆ ಎಷ್ಟು ತೂಕವಿತ್ತು, ನೀವೇ ಲೆಕ್ಕ ಹಾಕಿ.

ಮರುವರ್ಷ ಇನ್ನೊಬ್ಬ ವಕೀಲ ರಾಸ್‌ಬಿಹಾರಿ ಘೋಷ್ 10 ಲಕ್ಷ ಕೊಟ್ಟರು. ಇಬ್ಬರ ಹಣವನ್ನೂ ಕೆಲಸಕ್ಕೆ ಹಚ್ಚಿದವರು ಕುಲಪತಿ ಆಶುತೋಷ ಮುಖರ್ಜಿ. ಅವರೂ ವಕೀಲರೇ, ಆಗ ಹೈಕೋರ್ಟಿನ ನ್ಯಾಯಾಧೀಶರು. ಹಗಲೆಲ್ಲ ಕೋರ್ಟು, ಸಂಜೆ ವಿಶ್ವವಿದ್ಯಾಲಯ. 1914ರ ಮಾರ್ಚ್ 27ರಂದು ಅಡಿಗಲ್ಲು ಬಿತ್ತು. ಅದೇ ವರ್ಷ ಪಾಲಿತ್ ಕಣ್ಣು ಮುಚ್ಚಿದರು. ತಮ್ಮ ದುಡ್ಡಿನ ಕಾಲೇಜಿನಲ್ಲಿ ಒಂದು ಪಾಠ ನಡೆದದ್ದನ್ನೂ ಅವರು ನೋಡಲಿಲ್ಲ.

ಈಗ ನಮ್ಮ ಕಡೆಯ ಮಾತಿಗೆ ಬರೋಣ. ಸರ್ಕಾರಿ ಲೆಕ್ಕಪತ್ರ ಇಲಾಖೆಯ ಒಬ್ಬ ಯುವ ಅಧಿಕಾರಿ 1907ರಲ್ಲಿ ಕಲ್ಕತ್ತೆಯ ಟ್ರಾಮಿನಲ್ಲಿ ಹೋಗುವಾಗ ವಿಜ್ಞಾನ ಸಂಘವೊಂದರ ಬೋರ್ಡು ಕಂಡನಂತೆ. ಅಲ್ಲಿಂದ ಶುರು. ಆಫೀಸಿಗೆ ಮುಂಚೆ ಪ್ರಯೋಗ, ಆಫೀಸು ಬಿಟ್ಟ ಮೇಲೂ ಪ್ರಯೋಗ. ಆತನೇ ಸಿ.ವಿ. ರಾಮನ್. ಆಶುತೋಷರು ಅವರನ್ನು ಭೌತಶಾಸ್ತ್ರದ ಪಾಲಿತ್ ಪ್ರೊಫೆಸರಾಗಿ ಕರೆದರು. ವಿದೇಶದಲ್ಲಿ ಕಲಿತವರೇ ಬೇಕೆಂಬ ನಿಯಮ ಅಡ್ಡ ಬಂತು. ರಾಮನ್ ಹೋಗಲ್ಲ ಅಂದರು. ನಿಯಮವೇ ಸಡಿಲಾಯಿತು. 1917ರಲ್ಲಿ ರಾಮನ್ ಹೆಚ್ಚು ಸಂಬಳದ ಸರ್ಕಾರಿ ನೌಕರಿ ಬಿಟ್ಟು ಬಂದರು.

1928ರಲ್ಲಿ ‘ರಾಮನ್ ಪರಿಣಾಮ’ ಕಂಡುಹಿಡಿದದ್ದು ಬೌಬಜಾರಿನ ಆ ಸಂಘದ ಲ್ಯಾಬಿನಲ್ಲಿ. ಆದರೆ ಆಗ ಅವರಿದ್ದ ಹುದ್ದೆ ಪಾಲಿತರ ದತ್ತಿಯದು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು, 1970ರಲ್ಲಿ ಇಲ್ಲೇ ಮಣ್ಣಾದರು. ಮೇಖ್ರಿ ಸರ್ಕಲ್ ಕಡೆ ಬಸ್ಸಿನಲ್ಲಿ ಹೋಗುವವರಿಗೆ ಅವರ ಸಂಸ್ಥೆ ಗೊತ್ತು. ಪಾಲಿತರ ಹೆಸರು ಎಷ್ಟು ಜನಕ್ಕೆ ಗೊತ್ತು?

ಪಿಯುಸಿ ಅರ್ಧಕ್ಕೇ ಬಿಟ್ಟ ಈ ವರದಿಗಾರನಿಗೆ ರಾಮನ್ ಪರಿಣಾಮ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಪಾಲಿತರ ಲೆಕ್ಕ ಮಾತ್ರ ಅರ್ಥವಾಗುತ್ತೆ. ನಮ್ಮೂರಲ್ಲಿ ಸೀಲಿಂಗ್ ಫ್ಯಾನು ಕೊಟ್ಟವರೂ ಅದರ ರೆಕ್ಕೆ ಮೇಲೆ ಹೆಸರು ಬರೆಸುತ್ತಾರೆ. ಬರೆಸಲಿ, ತಪ್ಪೇನಿಲ್ಲ. ಆದರೆ ಆ ಫ್ಯಾನಿನ ಕೆಳಗೆ ಪಾಠ ಮಾಡೋಕೆ ಒಬ್ಬ ಒಳ್ಳೇ ಮೇಷ್ಟ್ರು ಬೇಕಲ್ಲ, ಅವರ ಸಂಬಳಕ್ಕೆ ದುಡ್ಡು ಇಡುವ ವಕೀಲರೋ ಸಾಹುಕಾರರೋ ನಮ್ಮಲ್ಲಿ ಯಾರಿದ್ದಾರೆ?